ಮಜ್ಜಾದಾನವೂ ದಾಸೋಹತತ್ತ್ವವೂ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಮಠದ ಪ್ರವಚನವು ಮುಗಿದು, ಮಂಗಳಾರತಿಯಾಗಿ, ಭಕ್ತರು ಪ್ರಸಾದಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ ನವಲಗುಂದದ ಕಡೆಯ ಸದ್ಭಕ್ತರೊಬ್ಬರು ನನ್ನ ಬಳಿಗೆ ಬಂದು ಕುಳಿತರು. ಅವರ ಮುಖವು ಬಾಡಿದ್ದಿತು.

"ಗುರುಗಳ, ನಮ್ಮ ಬೀಗರ ಮನಿಯೊಳಗ ಒಬ್ಬಾಂವಗ ರಕ್ತದ ಕ್ಯಾನ್ಸರ್ ಆಗೇತಿ. ಒಡಹುಟ್ಟಿದ ತಂಗಿ ಎಲುಬಿನ ಮಜ್ಜಿ ಕೊಟ್ರ ಉಳದಾನು ಅಂತ ಡಾಕ್ಟರು ಅಂದಾರ. ಆಕಿ ಹಿಂದ ಮುಂದ ನೋಡಾಕತ್ತಾಳ. ಒಲ್ಲೆ ಅಂದ್ರ ಆಕಿಗೆ ಪಾಪ ಹತ್ತತೈತೋ ಇಲ್ಲೋ, ನೀವ ಹೇಳ್ರಿ" ಎಂದು ಕೇಳಿದರು.

ನಾನು ಅವರಿಗೆ ಕೂಡಲೆ ಉತ್ತರ ಕೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಅವಸರದಿಂದ ಉತ್ತರ ಕೊಟ್ಟು ನಾನು ತಪ್ಪಿದ್ದೆನು. ಆ ತಪ್ಪನ್ನು ಮುಚ್ಚಿಡದೆ ಹೇಳಿ, ಪ್ರಶ್ನೆಯನ್ನು ಶರಣತತ್ತ್ವದ ಬೆಳಕಿನಲ್ಲಿ ವಿಚಾರಿಸುವದು ಈ ಲೇಖನದ ಉದ್ದೇಶವಾಗಿರುವದು.

ಧರ್ಮನಿರ್ಣಯಕ್ಕೆ ಮೊದಲು ವಸ್ತುನಿರ್ಣಯವಾಗಬೇಕು. ವಸ್ತುವನ್ನರಿಯದೆ ಹೇಳಿದ ಧರ್ಮವು ಕೇಳುವವರಿಗೂ ಹೇಳುವವರಿಗೂ ಕೇಡನ್ನೇ ತರುವದು. ಆದುದರಿಂದ ರೋಗವೇನು, ಅದಕ್ಕೆ ದಾರಿಗಳೆಷ್ಟು ಎಂಬದನ್ನು ಮೊದಲು ನೋಡೋಣ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಏಳು ಧಾತುಗಳನ್ನು ಹೇಳುವದು. ಅದರ ಮತದಲ್ಲಿ ರಕ್ತವು ಎರಡನೆಯದು, ಮಜ್ಜೆಯು ಆರನೆಯದು. ರಕ್ತವು ಬಲಿತು ಮುಂದಿನ ಧಾತುಗಳಾಗುವದು. ಆದರೆ ಇಂದಿನ ಶೋಧನೆಯು ಇದಕ್ಕೆ ತಿರುವುಮುರುವಾದುದನ್ನು ತೋರಿಸಿಕೊಟ್ಟಿದೆ. ಹುಟ್ಟಿದ ಮಗುವು ಮುದುಕನಾಗುವವರೆಗೆ ಅವನ ರಕ್ತದ ಕಣಗಳು ತಯಾರಾಗುವದು ಎಲುಬಿನೊಳಗಣ ಮಜ್ಜೆಯಲ್ಲಿ. ಅಲ್ಲಿ ಬೀಜರೂಪವಾದ ಕೆಲವು ಕಣಗಳಿರುವವು. ಇವಕ್ಕೆ ಆಕರಕೋಶಗಳೆಂದು ಹೆಸರು; ಡಾಕ್ಟರರು ಸ್ಟೆಮ್ ಸೆಲ್ ಎನ್ನುತ್ತಾರೆ. ಕೆಂಪುಕಣ, ಬಿಳಿಕಣ, ರಕ್ತ ಹೆಪ್ಪುಗಟ್ಟಿಸುವ ಕಣ, ಈ ಮೂರೂ ಈ ಬೀಜಗಳ ಬೆಳೆಯೇ ಆಗಿರುವವು.

ಈ ಹೊಲದಲ್ಲಿ ಕಳೆ ಹುಟ್ಟುವದೇ ತೀವ್ರ ರಕ್ತಾರ್ಬುದವು. ಬಲಿಯದ ಬಿಳಿಕಣಗಳು ಅಂಕೆಯಿಲ್ಲದೆ ಹಬ್ಬಿ, ಒಳ್ಳೆಯ ಕಣಗಳಿಗೆ ಎಡೆಯಿಲ್ಲದಂತೆ ಮಾಡುವವು. ಮೈ ಬಿಳಿಚುವದು, ಜ್ವರವು ಬಿಡದು, ಒಸಡಿನಲ್ಲಿ ರಕ್ತ ಒಸರುವದು. ಇದರಲ್ಲಿ ಮೈಲಾಯ್ಡ್, ಲಿಂಫಾಯ್ಡ್ ಎಂದು ಮುಖ್ಯವಾಗಿ ಎರಡು ಜಾತಿಗಳು. ಎರಡೂ ವಾರಗಳ ಲೆಕ್ಕದಲ್ಲಿ ಬೆಳೆಯತಕ್ಕವು. ಸೋಂಕಿನಿಂದಾಗಲಿ ಎಂಜಲಿನಿಂದಾಗಲಿ ಹರಡತಕ್ಕವಲ್ಲ. ಪೂರ್ವಜನ್ಮದ ಪಾಪದ ಫಲವೆಂದು ರೋಗಿಯ ಮುಂದೆ ನುಡಿಯುವದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಲಿಂಗವು ನೆಲೆಸಿದ ಕಾಯವನ್ನು ಪಾಪದ ಮುದ್ದೆಯೆಂದು ಕರೆಯುವದು ಶರಣಮಾರ್ಗಕ್ಕೆ ಒಪ್ಪತಕ್ಕ ಮಾತಲ್ಲ.

ಮೊದಲ ಚಿಕಿತ್ಸೆಯು ಔಷಧಗಳದು. ಜನರು ಕಿಮೋ ಎಂದು ಕರೆಯುವರು. ಇದರಿಂದ ರೋಗವು ಅನೇಕರಲ್ಲಿ ಅಡಗುವದು. ಆದರೆ ಅಡಗುವದು ಬೇರೆ, ಅಳಿಯುವದು ಬೇರೆ. ನಮ್ಮ ಎರೆಹೊಲದ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಿಕೆಯನ್ನು ಎಷ್ಟು ಕಿತ್ತರೂ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೆ ಮುಂದಿನ ಮಳೆಗೆ ಮತ್ತೆ ಹಬ್ಬುವದಷ್ಟೆ. ಆ ಗೆಣ್ಣು ಉಳಿಯುವ ಭಯವು ಎಷ್ಟಿದೆಯೆಂಬದನ್ನು ತೂಗಿ ನೋಡಿ, ಮುಂದಿನ ದಾರಿಯನ್ನು ವೈದ್ಯರು ಗೊತ್ತುಮಾಡುವರು.

ಆ ದಾರಿಗಳು ಇಂತಿರುವವು. ಮೊದಲನೆಯದು, ಕಸಿಯನ್ನೇ ಮಾಡದೆ ಔಷಧದಿಂದಲೇ ಮುಗಿಸುವದು. ರೋಗದ ಕೆಲವು ಒಳಭೇದಗಳಲ್ಲಿ ಮೊದಲ ಸಲ ರೋಗವಡಗಿದಾಗ ಇಷ್ಟೇ ಸಾಕಾಗುವದು. ಪ್ರೊಮೈಲೋಸಿಟಿಕ್ ಎಂಬ ಒಂದು ಭೇದವು 'ಎ' ಜೀವಸತ್ತ್ವದ ವರ್ಗಕ್ಕೆ ಸೇರಿದ ಒಂದು ಔಷಧ ಮತ್ತು ಗೌರೀಪಾಷಾಣ, ಇವೆರಡರಿಂದಲೇ ಬಹುಮಂದಿಯಲ್ಲಿ ವಾಸಿಯಾಗುವದು. ಇದನ್ನು ಓದಿ ಯಾರೂ ಪಾಷಾಣದ ಪುಡಿಯನ್ನು ಹುಡುಕಿಕೊಂಡು ಹೋಗಬಾರದು. ಆಸ್ಪತ್ರೆಯಲ್ಲಿ ಅಳೆದು ತೂಗಿ, ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಔಷಧವದು. ಮನೆಯಲ್ಲಿ ನುಂಗಿದರೆ ವಿಷವೇ ಸರಿ.

ಎರಡನೆಯದು, ರೋಗಿಯ ಸ್ವಂತ ಆಕರಕೋಶಗಳನ್ನು ತೆಗೆದಿಟ್ಟು, ಬಲವಾದ ಔಷಧ ಕೊಟ್ಟ ಮೇಲೆ ಅವನಿಗೇ ಹಿಂದಿರುಗಿಸುವದು. ಇದರಲ್ಲಿ ಪರಕೀಯ ಕಣಗಳ ಜಗಳವಿಲ್ಲ. ಆದರೆ ಕಳೆಯ ಗೆಣ್ಣು ಬೀಜದೊಡನೆ ಮರಳಿ ಹೊಲಕ್ಕೆ ಬೀಳುವ ಸಂಭವವುಂಟು. ಆದುದರಿಂದ ತೀವ್ರ ರಕ್ತಾರ್ಬುದಕ್ಕೆ ಈಗ ಇದರ ಬಳಕೆ ಕಡಿಮೆ.

ಮೂರನೆಯದು, ಒಡಹುಟ್ಟಿದವರ ಮಜ್ಜೆ. ಪ್ರತಿಯೊಬ್ಬನ ಕಣಗಳ ಮೇಲೂ ತನ್ನವರಾರು, ಪರರಾರು ಎಂದು ಗುರುತಿಸುವ ಮುದ್ರೆಗಳಿರುವವು. ಇವಕ್ಕೆ ಎಚ್.ಎಲ್.ಎ. ಎಂದು ಹೆಸರು. ಇವುಗಳ ಜಾಡನ್ನು ೧೯೫೮ರಲ್ಲಿ ಮೊದಲು ಹಿಡಿದವರು ಪ್ಯಾರಿಸಿನ ವಿಜ್ಞಾನಿ ಜಾನ್ ದೋಸೆ. ಮುದ್ರೆಯ ಅರ್ಧವು ತಂದೆಯಿಂದ, ಅರ್ಧವು ತಾಯಿಯಿಂದ ಬರುವದು. ಹೀಗಾಗಿ ಒಬ್ಬ ಅಣ್ಣ ಅಥವಾ ತಂಗಿ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲೊಂದು, ಅರ್ಧ ಹೊಂದುವದು ನಾಲ್ಕರಲ್ಲೆರಡು, ಏನೂ ಹೊಂದದಿರುವದು ನಾಲ್ಕರಲ್ಲೊಂದು. ಪ್ರೀತಿಯಿದ್ದಲ್ಲಿ ಹೊಂದಿಕೆಯಿರುವದೆಂಬ ನಿಯಮವಿಲ್ಲ. ಜಗಳವಿದ್ದಲ್ಲಿ ಇರದೆಂಬ ನಿಯಮವೂ ಇಲ್ಲ.

ನಾಲ್ಕನೆಯದು, ಸಂಬಂಧಿಕರಲ್ಲದವರ ದಾನ. ಇಂಥವರ ಹೆಸರುಗಳನ್ನು ಬರೆದಿಡುವ ಸಂಸ್ಥೆಗಳಿವೆ. ಐದನೆಯದು, ಅರ್ಧ ಹೊಂದಿಕೆಯವರ ಮಜ್ಜೆ. ತಂದೆ, ತಾಯಿ, ಪ್ರಾಯಕ್ಕೆ ಬಂದ ಮಗ ಮಗಳು, ಇವರೆಲ್ಲರೂ ರೋಗಿಗೆ ಅರ್ಧ ಹೊಂದಿಯೇ ಇರುವರು. ಹಿಂದೆ ಇದು ಬಹು ಅಪಾಯದ ಕೆಲಸವಾಗಿದ್ದಿತು. ಅಮೇರಿಕದ ಬಾಲ್ಟಿಮೋರಿನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಕಸಿಯಾದ ಮೂರನೆಯ ನಾಲ್ಕನೆಯ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಕೊಡುವ ಕ್ರಮವನ್ನು ಬೆಳೆಸಿದ ಮೇಲೆ ಇದು ಜಗತ್ತಿನಲ್ಲೆಲ್ಲ ರೂಢಿಗೆ ಬಂದಿದೆ. ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ಆರನೆಯದು, ಹೆರಿಗೆಯ ಸಮಯದಲ್ಲಿ ತೆಗೆದಿಟ್ಟ ಹೊಕ್ಕುಳಬಳ್ಳಿಯ ರಕ್ತ. ಇದನ್ನು ೧೯೮೮ರಲ್ಲಿ ಪ್ಯಾರಿಸಿನಲ್ಲಿ ಮೊದಲು ಉಪಯೋಗಿಸಿದರು. ಒಂದು ಬಳ್ಳಿಯಲ್ಲಿ ದೊರೆಯುವ ಕಣಗಳು ಸ್ವಲ್ಪವಾದುದರಿಂದ ದೊಡ್ಡವರಿಗೆ ಇದು ಸಾಲುವದು ಕಷ್ಟ.

ಈ ವಿದ್ಯೆಯು ಹಳೆಯದಲ್ಲ. ಅಮೇರಿಕದ ಡಾ. ಡಾನಲ್ ಥಾಮಸರು ೧೯೫೭ರಲ್ಲಿ ಮನುಷ್ಯರಲ್ಲಿ ತಮ್ಮ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದರು. ಆ ಮೊದಲ ರೋಗಿಗಳು ಉಳಿಯಲಿಲ್ಲ. ಆದರೂ ಅವರು ಬಿಡದೆ ದುಡಿದರು. ೧೯೯೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ ೧೯೮೩ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ ಅಡ್ವಾಣಿಯವರು ಈ ಕಸಿಯನ್ನು ಮಾಡಿದರು. ೧೯೮೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆರಂಭವಾಯಿತು. ಇಂದು ಬೆಂಗಳೂರಿನಲ್ಲಿ ಹಲವು ಆಸ್ಪತ್ರೆಗಳಲ್ಲಿ ನಡೆಯುವದು. ಖರ್ಚು ಹಲವು ಲಕ್ಷಗಳದು. ಹೊಲ ಮಾರುವ ಮೊದಲು ಸರಕಾರದ ಆರೋಗ್ಯ ಯೋಜನೆ, ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ಪರಿಹಾರ ನಿಧಿ ಇವುಗಳ ವಿಷಯವನ್ನು ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು.

ಇನ್ನು ನನ್ನ ತಪ್ಪಿನ ಕಥೆ. ಅಣ್ಣಿಗೇರಿಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಮಠದ ಶಾಲೆಯಲ್ಲಿ ಕಲಿತು ಹೋದ ಒಬ್ಬ ಒಕ್ಕಲಿಗನಿದ್ದನು. ಅವನಿಗೆ ನಲವತ್ತರ ಪ್ರಾಯದಲ್ಲಿ ಈ ರೋಗವು ಬಂದಿತು. ಔಷಧದಿಂದ ಒಮ್ಮೆ ಅಡಗಿತು. ಮರಳಿ ಬರುವ ಭಯ ಹೆಚ್ಚಾದುದರಿಂದ ಕಸಿ ಮಾಡುವದೇ ಲೇಸೆಂದು ಬೆಂಗಳೂರಿನ ವೈದ್ಯರು ಹೇಳಿದರು. ಅಣ್ಣನ ಮುದ್ರೆಯು ಹೊಂದಲಿಲ್ಲ. ಕುಂದಗೋಳದ ಕಡೆಗೆ ಕೊಟ್ಟ ತಂಗಿಯದು ಪೂರ್ಣವಾಗಿ ಹೊಂದಿತು. ಆಕೆಯಿಂದ ಪರೀಕ್ಷೆಗೆ ರಕ್ತ ತೆಗೆಸುವಾಗ ಅದು ಏತಕ್ಕೆಂಬದನ್ನು ಮನೆಯವರು ಸರಿಯಾಗಿ ತಿಳಿಸಿರಲಿಲ್ಲ. ಹೊಂದಿಕೆಯಾಯಿತೆಂದು ಗೊತ್ತಾದೊಡನೆ ತವರಿನವರು ದಿನ ಗೊತ್ತುಮಾಡಲು ಹೊರಟರು. ಅತ್ತೆಯ ಮನೆಯವರು ಅಡ್ಡ ನಿಂತರು. ಎಲುಬು ಟೊಳ್ಳಾಗುವದು, ಮುಂದೆ ಮಕ್ಕಳಾಗವು, ಹೊಲದ ಕೆಲಸಕ್ಕೆ ಮೈ ಬಾರದು ಎಂದು ಅವರ ಅಂಜಿಕೆ.

ರೋಗಿಯ ತಾಯಿಯು ಮಠಕ್ಕೆ ಬಂದು ಅತ್ತಳು. ನಾನು ಇಬ್ಬರು ಹಿರಿಯರೊಡನೆ ಆ ತಂಗಿಯ ಮನೆಗೆ ಹೋದೆನು. ಪಡಸಾಲೆಯಲ್ಲಿ ಕುಳಿತು ಒಂದು ತಾಸಿನವರೆಗೆ ದಾಸೋಹದ ಮಹಿಮೆಯನ್ನು ಹೇಳಿದೆನು. ತನುವನ್ನು ಜಂಗಮಕ್ಕೆ ಸವೆಸಿದ ಶರಣರ ಕಥೆಗಳನ್ನು ಒಂದರ ಮೇಲೊಂದು ತೆಗೆದೆನು. ನನ್ನೊಡನಿದ್ದ ಹಿರಿಯರೊಬ್ಬರು, ಕೊಡದಿದ್ದರೆ ಅಣ್ಣನ ಸಾವು ನಿನ್ನ ಕೊರಳಿಗೆ ಬರುವದೆಂದು ನುಡಿದರು. ನಾನು ಅವರನ್ನು ತಡೆಯಲಿಲ್ಲ. ಆ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ಮೊರದಲ್ಲಿ ಜೋಳ ಹಸನುಮಾಡುತ್ತ ಕುಳಿತಿದ್ದಳು. ಎಲ್ಲ ಮುಗಿದ ಮೇಲೆ ಮೊರವನ್ನು ಕೆಳಗಿಟ್ಟು ಹೇಳಿದಳು:

"ಗುರುಗಳ, ಒಲ್ಲೆ ಅಂತ ನಾ ಎಲ್ಲಿ ಅಂದೇನ್ರಿ? ಕೊಡಬೇಕು ಅಂತ ಎಲ್ಲಾರೂ ಅಂದ್ರಿ. ಕೊಡಬ್ಯಾಡ ಅಂತ ಇವರು ಅಂದ್ರು. ಕೊಡ್ತೀಯೇನವ್ವಾ ಅಂತ ಒಬ್ರೂ ನನ್ನ ಕೇಳಲಿಲ್ಲ. ಕೊಟ್ರ ನನಗ ಏನಾಗತೈತಿ, ಅದನ್ನಾರ ಯಾರರ ಹೇಳ್ರಿ."

ನಾನು ತಲೆ ತಗ್ಗಿಸಿದೆನು. ಆಕೆಗೆ ಏನಾಗುವದೆಂಬದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದುದನ್ನು ಕೊಡೆಂದು ಧರ್ಮದ ಹೆಸರಿನಲ್ಲಿ ಒಂದು ತಾಸು ಬೋಧಿಸಿದ್ದೆನು. ಬಾಯಲ್ಲಿ ಬರುತ್ತಿದ್ದುದು ದಾಸೋಹದ ಮಾತು. ನಾನು ಮಾಡುತ್ತಿದ್ದುದು ಸಾಲ ವಸೂಲಿಯ ಕೆಲಸ.

ಆಮೇಲೆ ಆಕೆ ಗಂಡನೊಡನೆ ಬೆಂಗಳೂರಿಗೆ ಹೋಗಿ ವೈದ್ಯರಿಂದಲೇ ಕೇಳಿ ತಿಳಿದುಕೊಂಡಳು. ಅವರು ಹೇಳಿದುದನ್ನು ಎಲ್ಲರೂ ತಿಳಿಯುವದೊಳ್ಳೆಯದು. ಈಗ ಹೆಚ್ಚಾಗಿ ಎಲುಬನ್ನು ಮುಟ್ಟುವದೇ ಇಲ್ಲ. ನಾಲ್ಕೈದು ದಿನ ದಿನಕ್ಕೊಂದರಂತೆ ಸೂಜಿಮದ್ದು ಕೊಡುವರು. ಅದರಿಂದ ಆಕರಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುವವು. ಬಳಿಕ ಕೆಲವು ತಾಸು ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಬೇಕಾದ ಕಣಗಳನ್ನು ತೆಗೆದುಕೊಂಡು, ಉಳಿದುದನ್ನು ಮೈಗೆ ಮರಳಿಸುವರು. ಆ ದಿನಗಳಲ್ಲಿ ಎಲುಬು ನೋಯುವದು, ತಲೆ ನೋಯುವದು, ಆಮೇಲೆ ಇಳಿಯುವದು. ಕೆಲವೊಮ್ಮೆ ಸೊಂಟದ ಹಿಂಬದಿಯ ಎಲುಬಿನಿಂದ, ಅರಿವಳಿಕೆ ಕೊಟ್ಟು, ಸೂಜಿಯಿಂದಲೇ ಮಜ್ಜೆಯನ್ನು ತೆಗೆಯುವರು. ಆ ನೋವು ಕೆಲವು ದಿನವಿರುವದು. ಕೊಟ್ಟುದು ಕೆಲವು ವಾರಗಳಲ್ಲಿ ಮರಳಿ ತುಂಬುವದು. ಮಕ್ಕಳಾಗುವದಕ್ಕೆ ಇದರಿಂದ ಬಾಧೆಯಿಲ್ಲ. ಬಸುರಿಯಾಗಿರುವಾಗ ಮಾತ್ರ ಕೊಡಕೂಡದು. ಕೇಡು ಬರುವದು ಅಪೂರ್ವ. ಆದರೆ ಸೊನ್ನೆಯೆಂದು ಯಾವ ಸತ್ಯವಂತ ವೈದ್ಯನೂ ಹೇಳುವದಿಲ್ಲ.

ಅದೇ ಭೇಟಿಯಲ್ಲಿ ಇನ್ನೊಂದು ಮಾತು ಹೊರಬಿದ್ದಿತು. ಪೂರ್ಣ ಹೊಂದಿಕೆಯ ತಂಗಿಯು ಮೊದಲ ಆಯ್ಕೆಯೆಂಬದು ನಿಜ. ಆದರೆ ಆಕೆ ಕೊಡದಿದ್ದರೆ ರೋಗಿಯ ಇಪ್ಪತ್ತು ವರ್ಷದ ಮಗನು ಅರ್ಧ ಹೊಂದಿಕೆಯಿಂದ ಕೊಡಬಹುದಾಗಿದ್ದಿತು. ಅಂದಮೇಲೆ ಅಣ್ಣನ ಸಾವು ಬದುಕೆಲ್ಲ ಆಕೆಯೊಬ್ಬಳ ಕೈಯಲ್ಲಿದೆಯೆಂದು ನಾವು ಹೊರಿಸಿದ ಹೊರೆಯು ಸುಳ್ಳಾಗಿದ್ದಿತು. ದಾರಿಗಳು ಹಲವಿರುವದನ್ನು ತಿಳಿಯದ ಮನೆಯಲ್ಲಿ ಎಲ್ಲ ಭಾರವೂ ಒಬ್ಬರ ಹೆಗಲಿಗೆ ಬೀಳುವದು. ಆ ಹೆಗಲು ಹೆಚ್ಚಾಗಿ ಮನೆಯ ಮಗಳದು ಅಥವಾ ಸೊಸೆಯದು.

ಆಕೆ ಎರಡು ದಿನ ವಿಚಾರಿಸಿ, ಕೊಡುವೆನೆಂದಳು, ಕೊಟ್ಟಳು. ಕಸಿಯು ಹತ್ತಿತು. ಕೆಲವು ತಿಂಗಳಿಗೆ ಅವನ ರಕ್ತದ ಗುಂಪು ತಂಗಿಯ ಗುಂಪಾಗಿ ಬದಲಾಯಿತು. ಆದರೆ ವರ್ಷ ತುಂಬುವ ಮೊದಲೇ ರೋಗವು ಮರಳಿತು, ಅವನು ಲಿಂಗೈಕ್ಯನಾದನು. ಆಗ ಅವರ ಬಳಗದಲ್ಲಿ ಒಂದು ಮಾತು ಹುಟ್ಟಿತು: ಆಕೆ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಳು, ಅದಕ್ಕೇ ಅದು ನಿಲ್ಲಲಿಲ್ಲ ಎಂದು. ಆ ಮಾತು ಈಗಲೂ ಅಲ್ಲಲ್ಲಿ ಕೇಳಿಬರುವದು. ಅದು ಶುದ್ಧ ಸುಳ್ಳು. ಮರಳಿ ಬಂದುದು ಅವನಲ್ಲಿಯೇ ಉಳಿದಿದ್ದ ಹಳೆಯ ರೋಗದ ಗೆಣ್ಣು. ತಂಗಿಯ ಕಣಗಳು ಅದರೊಡನೆ ಹೋರಿ ಸೋತವು. ಈ ಮಾತನ್ನು ಆಡುವ ಬಾಯಿಗಳು ಮುಚ್ಚಲೆಂದೇ ನಾನಿದನ್ನು ಬರೆಯುತ್ತಿದ್ದೇನೆ.

ಈಗ ತತ್ತ್ವವಿಚಾರ. ಹರಳಯ್ಯ ಕಲ್ಯಾಣಮ್ಮನವರ ಕಥೆಯನ್ನು ಬಲ್ಲದ ಲಿಂಗವಂತರಿಲ್ಲ. ಪಾದರಕ್ಷೆ ಮಾಡುವ ಕಾಯಕದ ಹರಳಯ್ಯನು ದಾರಿಯಲ್ಲಿ ಬಸವಣ್ಣನವರಿಗೆ ಶರಣೆಂದನು. ಬಸವಣ್ಣನವರು ಅದಕ್ಕೆ ಇಮ್ಮಡಿಯಾಗಿ ಶರಣು ಶರಣಾರ್ಥಿಯೆಂದರು. ಆ ಹೆಚ್ಚಿನ ಶರಣನ್ನು ಹೇಗೆ ತೀರಿಸಲೆಂದು ಬಳಲಿ, ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ. ತಲೆಯ ಮೇಲಿಟ್ಟುಕೊಂಡು, ತಾವು ಅವಕ್ಕೆ ಯೋಗ್ಯರಲ್ಲವೆಂದರು.

ನಾನು ಆ ಪಡಸಾಲೆಯಲ್ಲಿ ಈ ಕಥೆಯ ಮೊದಲರ್ಧವನ್ನು ಮಾತ್ರ ಹೇಳಿದ್ದೆನು. ತೊಡೆಯ ಚರ್ಮ ಕೊಟ್ಟವರಿದ್ದಾರೆ, ನೀನು ಇಷ್ಟು ಕೊಡಲಾರೆಯಾ ಎಂದು. ಉಳಿದರ್ಧದಲ್ಲಿಯೇ ಧರ್ಮವಿರುವದು. ಹರಳಯ್ಯನನ್ನು ಯಾರೂ ಕೇಳಲಿಲ್ಲ. ಅವನ ಮನೆಯ ಬಾಗಿಲಿಗೆ ಹಿರಿಯರು ಹೋಗಿ ಕೂಡಲಿಲ್ಲ. ಅವನು ಋಣವೆಂದು ತಿಳಿದು ತಂದನು. ಬಸವಣ್ಣನವರು ಋಣವಿಲ್ಲವೆಂದು ತೋರಿಸಿದರು. ಇನ್ನೊಬ್ಬರ ಮೈಯಿಂದ ಬಂದುದನ್ನು ಪಡೆಯುವವನು ತನಗೆ ಸಲ್ಲತಕ್ಕದ್ದೆಂದು ಕಾಲಲ್ಲಿ ಮೆಟ್ಟಬಾರದು, ತಲೆಯಲ್ಲಿ ಹೊರಬೇಕು. ಹಾಗಾದರೆ ಮುದ್ರೆಯು ಹೊಂದಿತೆಂಬ ಮಾತ್ರದಿಂದ ತಂಗಿಯು ಅಣ್ಣನಿಗೆ ಸಾಲಗಾರಳಾಗುವಳೆ? ಹೊಂದಿಕೆಯು ತಂದೆತಾಯಿಗಳಿಂದ ಬಂದ ದೇಹಸ್ಥಿತಿ. ಅದು ಆಕೆ ಬರೆದುಕೊಟ್ಟ ಪತ್ರವಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಮ್ಮ ಹಿರಿಯರು ಸ್ಪಷ್ಟವಾಗಿ ತಿಳಿಸಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸನೆಂಬ ಭಾವದಿಂದ, ತನ್ನ ಇಚ್ಛೆಯಿಂದ ಕೊಡುವನು. ಕೊಳ್ಳುವವನು ಪ್ರಸಾದವೆಂದು ಕೊಳ್ಳುವನು. ಇಚ್ಛೆಯನ್ನು ತೆಗೆದುಬಿಟ್ಟರೆ ಉಳಿಯುವದು ಕಂದಾಯ. ಹೆಂಗಸರ ಇಚ್ಛೆಯನ್ನು ಕೇಳುವ ರೂಢಿಯಿಲ್ಲವೆಂದು ಯಾರಾದರೂ ಹೇಳಿದರೆ ಅವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಲಿ. ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಇದ್ದಲ್ಲಿಯೇ ಸುರಿದು ಬಾರೆಂದು ಹಿಂದಿರುಗಿಸಿದವಳು ಆಕೆ. ಗಂಡನು ಆಕೆಯ ಮಾತನ್ನು ಕೇಳಿದನು. ನಾವು ಲಕ್ಕಮ್ಮನ ಪುಣ್ಯಸ್ಮರಣೆಯನ್ನು ಮಾಡಿ, ಮನೆಗೆ ಹೋಗಿ ಮಗಳ ಬಾಯಿಯನ್ನು ಮುಚ್ಚಿಸುವವರಾಗಿದ್ದೇವೆ.

ಇಲ್ಲಿ ಒಂದು ಶಂಕೆಯು ಬರುವದು. ಹಾಗಾದರೆ ಸಾಯುತ್ತಿರುವವನನ್ನು ಕಂಡೂ ಸುಮ್ಮನಿರುವದು ಧರ್ಮವೆ? ಕೊಡುವವರಿಗೆ ನಾಲ್ಕು ದಿನದ ನೋವು, ಪಡೆಯುವವನಿಗೆ ಜೀವ. ಈ ಎರಡನ್ನು ತೂಗಿದರೆ ಕೊಡಲೇಬೇಕೆಂದು ತೋರುವದಲ್ಲವೆ?

ಸಮಾಧಾನವು ಹೀಗೆ. ಕೊಡುವದು ಶ್ರೇಷ್ಠವೆಂಬದರಲ್ಲಿ ಸಂದೇಹವಿಲ್ಲ. ನನ್ನ ಮಕ್ಕಳು ಇಂಥ ಸಂದರ್ಭದಲ್ಲಿ ಕೊಡಲೆಂದೇ ನಾನು ಬಯಸುವೆನು. ಆದರೆ ಶ್ರೇಷ್ಠವಾದುದೆಲ್ಲವೂ ಬಲಾತ್ಕಾರಕ್ಕೆ ಯೋಗ್ಯವಲ್ಲ. ತೂಕದ ಲೆಕ್ಕವನ್ನು ತನ್ನ ಮೈಯ ಮೇಲೆ ತಾನು ಮಾಡಿಕೊಂಡರೆ ಅದು ತ್ಯಾಗ. ಅದೇ ಲೆಕ್ಕವನ್ನು ಇನ್ನೊಬ್ಬರ ಮೈಯ ಮೇಲೆ ಮಾಡಿದರೆ, ಆ ಮೈಯನ್ನು ಲಿಂಗದ ನೆಲೆಯೆಂದು ತಿಳಿಯದೆ ಔಷಧದ ಗಿಡವೆಂದು ತಿಳಿದಂತಾಗುವದು. ಕೇಳಬಹುದು, ಕೈಜೋಡಿಸಿ ಕೇಳಬಹುದು. ಕೇಳುವದರಲ್ಲಿ ಇಲ್ಲವೆಂಬ ಉತ್ತರಕ್ಕೂ ಎಡೆಯಿರಬೇಕು. ಎಡೆಯಿಲ್ಲದ ಕೇಳಿಕೆಯು ಅಪ್ಪಣೆಯೇ ಆಗಿರುವದು.

ಇನ್ನೊಂದು ಶಂಕೆ: ಕೊಡುವವರು ತಮಗೆ ಬೇಕಾದಾಗ ಹಿಂದೆಗೆಯಬಹುದೆ? ಇಲ್ಲಿ ಮಾತು ಬಿಗಿಯಾಗುವದು. ಕಸಿಗೆ ಮೊದಲು ಸುಮಾರು ಒಂದು ವಾರ ಬಲವಾದ ಔಷಧಗಳನ್ನು ಕೊಟ್ಟು ರೋಗಿಯ ಮಜ್ಜೆಯನ್ನು ಬರಿದುಮಾಡುವರು. ವೃದ್ಧರಿಗೆ ಇದನ್ನು ಸೌಮ್ಯವಾಗಿ ಮಾಡುವ ಕ್ರಮವೂ ಇದೆ. ಪೂರ್ಣಪ್ರಮಾಣದಲ್ಲಿ ಒಮ್ಮೆ ಬರಿದಾದ ಮೇಲೆ ಹೊಸ ಕಣಗಳು ಬರದಿದ್ದರೆ ರೋಗಿಯು ಉಳಿಯುವದು ದುಸ್ತರ. ಆದುದರಿಂದ ಆ ಔಷಧವು ಆರಂಭವಾಗುವ ಮುನ್ನ ಕೊಡುವವರು ಪೂರ್ಣ ಸ್ವತಂತ್ರರು. ಆರಂಭವಾದ ಮೇಲೆ ಕೊಟ್ಟ ಮಾತಿಗೆ ಕಟ್ಟುಬಿದ್ದವರು. ದೀಕ್ಷೆಗೆ ಮುಂಚೆ ಗುರುವು ಶಿಷ್ಯನನ್ನು ನೋಡಿ ಕೇಳುವದೂ, ಆದ ಮೇಲೆ ಶಿಷ್ಯನು ನಿಷ್ಠೆಯನ್ನು ಬಿಡದಿರುವದೂ ಹೇಗೋ ಹಾಗೆಯೇ ಇದು. ಈ ಕಾರಣದಿಂದಲೇ ಪರೀಕ್ಷೆಗೆ ರಕ್ತ ತೆಗೆಯುವ ಮೊದಲೇ ಕೇಳಬೇಕು. ಹೊಂದಿತೆಂದು ಮನೆಯೆಲ್ಲ ತಿಳಿದ ಮೇಲೆ ಒಲ್ಲೆನೆನ್ನುವ ಧೈರ್ಯವು ಯಾರಿಗಿರುವದು?

ಫಲದ ವಿಷಯವನ್ನೂ ಹೇಳಬೇಕು. ಕೊಟ್ಟವರ ಕಣಗಳು ಹೊಸ ಮೈಯನ್ನು ಪರರ ಮನೆಯೆಂದು ತಿಳಿದು ಚರ್ಮ, ಕರುಳು, ಯಕೃತ್ತುಗಳ ಮೇಲೆ ಬೀಳುವದುಂಟು. ಅದು ಒಮ್ಮೊಮ್ಮೆ ಪ್ರಾಣಕ್ಕೇ ಬರುವದು. ಅದೇ ಕಣಗಳ ಅದೇ ಶಕ್ತಿಯು ಉಳಿದಿರುವ ರೋಗವನ್ನು ಹುಡುಕಿ ಕೊಲ್ಲುವದೂ ಉಂಟು. ಕಸಿಯ ಮುಖ್ಯ ಲಾಭವೇ ಅದು. ಕಾಯುವ ಗುಣ ಕಾಡುವ ಗುಣಗಳೆರಡೂ ಒಂದೇ ಬೇರಿನವು. ಯಾವದು ಮೇಲಾಗುವದೆಂಬದನ್ನು ಕೊಟ್ಟವರ ಮನಸ್ಸು ಗೊತ್ತುಮಾಡಲಾರದು. ಆದುದರಿಂದ ಉಳಿದರೆ ಕೊಟ್ಟವರಿಗೆ ಹೆಮ್ಮೆಯೂ ಸಲ್ಲದು, ಅಳಿದರೆ ನಿಂದೆಯೂ ಸಲ್ಲದು. ಕೊಟ್ಟುದನ್ನು ಲಿಂಗಾರ್ಪಿತವೆಂದು ಬಿಡತಕ್ಕದ್ದು. ಹಾಗೆಯೇ ವಿಚಾರಮಾಡಿ ಕಸಿ ಬೇಡವೆನ್ನುವ ರೋಗಿಯನ್ನೂ ಹೇಡಿಯೆನ್ನಬಾರದು. ಪ್ರಾಯವಾದ, ಬೇರೆ ರೋಗಗಳಿಂದ ಬಳಲಿದ ಮೈಗೆ ಕಸಿಯೇ ರೋಗಕ್ಕಿಂತ ಬೇಗ ಕೊಲ್ಲುವದುಂಟು.

ಪರರಿಂದ ಪಡೆಯುವ ದಾರಿಯ ವಿಷಯದಲ್ಲಿ ನಮ್ಮ ಸಮಾಜವು ನಾಚಿಕೊಳ್ಳತಕ್ಕ ಒಂದು ಸಂಗತಿಯಿದೆ. ಸಾಮಾನ್ಯ ರಕ್ತದ ಗುಂಪುಗಳು ಎಲ್ಲ ಕುಲಗಳಲ್ಲಿಯೂ ದೊರೆಯುವವು. ಆದರೆ ಈ ಮುದ್ರೆಗಳ ಬಗೆಗಳು ಸಾವಿರಾರು; ಒಂದೇ ಪೂರ್ವಜರಿಂದ ಬಂದವರಲ್ಲಿ ಹೊಂದಿಕೆಯು ಹೆಚ್ಚ. ನಾವು ಶತಮಾನಗಳಿಂದ ನಮ್ಮ ನಮ್ಮ ಚಿಕ್ಕ ಬಳಗದೊಳಗೇ ಮದುವೆಯಾಗುತ್ತ ಬಂದಿರುವದರ ಜಾಡು ಮಜ್ಜೆಯವರೆಗೂ ಇಳಿದಿದೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ಮನೆಗಳಲ್ಲಿ ತಂದೆತಾಯಿಗಳೋ ದಾಯಾದಿಗಳೋ ಪೂರ್ಣ ಹೊಂದುವದೂ ಉಂಟು. ವೈದ್ಯರು ವಂಶವನ್ನು ವಿಚಾರಿಸುವದು ಇದಕ್ಕೇ. ಇದನ್ನು ಕೇಳಿ ಒಳಮದುವೆಯು ಒಳ್ಳೆಯದೆಂದು ತಿಳಿಯಬಾರದು. ಅದರಿಂದ ಮಕ್ಕಳಲ್ಲಿ ವಂಶಪಾರಂಪರ್ಯ ರೋಗಗಳು ಹೆಚ್ಚುವವು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಲ್ಯಾಣದ ಹಿರಿಯರ ದಾರಿಯನ್ನು ನಾವು ಪುರಾಣದಲ್ಲಿ ಓದಿ ಮುಗಿಸಿದೆವು; ಮದುವೆಯ ಮಾತು ಬಂದಾಗ ಒಳಪಂಗಡವನ್ನು ಕೇಳಿದೆವು.

ಈಗ ನಮ್ಮಲ್ಲೊಬ್ಬನಿಗೆ ಹೊಂದತಕ್ಕ ಅಪರಿಚಿತನು ಹೆಚ್ಚಾಗಿ ನಮ್ಮ ನಾಡಿನಲ್ಲಿಯೇ ಇರುವನು. ಆದರೆ ಅವನು ಹೆಸರು ಬರೆಯಿಸಿರುವದಿಲ್ಲ. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಹೆಸರು ಬರೆಯಿಸಿದವರು ಕೆಲವೇ ಲಕ್ಷ. ಬೆಂಗಳೂರಿನ ಡಿ.ಕೆ.ಎಮ್.ಎಸ್., ಚೆನ್ನೈಯ ದಾತ್ರಿ ಎಂಬ ಸಂಸ್ಥೆಗಳು ಈ ಕೆಲಸವನ್ನು ಮಾಡುತ್ತಿವೆ. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಒರಸಿದ ಮಾದರಿಯನ್ನು ಕೊಟ್ಟರೆ ಸಾಕು. ಯಾರಿಗೆ ಕೊಡುವೆನೆಂದು ಕೊಡುವವನಿಗೆ ತಿಳಿಯದು. ಯಾರಿಂದ ಬಂದಿತೆಂದು ಪಡೆಯುವವನಿಗೆ ಆಗ ತಿಳಿಯದು. ಋಣವನ್ನು ಹೊರಿಸಲು ಎಡೆಯೇ ಇಲ್ಲದ ಇಂಥ ಕೊಡುಗೆಯು ದಾಸೋಹಕ್ಕೆ ಬಹು ಸಮೀಪವಾದುದೆಂದು ನನಗೆ ತೋರುವದು. ಬಸವ ಜಯಂತಿಯ ದಿನ ಮಠಗಳಲ್ಲಿ ರಕ್ತದಾನವನ್ನು ಏರ್ಪಡಿಸುವಂತೆ ಇದನ್ನೂ ಏರ್ಪಡಿಸಬಹುದು. ಆದರೆ ಕರೆ ಬಂದಾಗ ಹಿಂದೆಗೆಯತಕ್ಕವರು ಹೆಸರನ್ನು ಬರೆಯಿಸದಿರುವದೇ ಲೇಸು.

ಕಸಿಯಾಗುವ ಕೋಣೆಯಲ್ಲಿ ಇಷ್ಟಲಿಂಗಪೂಜೆಯು ಹೇಗೆಂದು ಕೆಲವರು ಕೇಳಿದ್ದಾರೆ. ಆ ದಿನಗಳಲ್ಲಿ ರೋಗಿಗೆ ಸೋಂಕನ್ನು ತಡೆಯುವ ಶಕ್ತಿಯೇ ಇರದು. ಹೂ ಪತ್ರಿಗಳಲ್ಲಿಯೂ ಕಾಯಿಸದ ನೀರಿನಲ್ಲಿಯೂ ಕಣ್ಣಿಗೆ ಕಾಣದ ರೋಗಬೀಜಗಳಿರುವವು. ಆದುದರಿಂದ ಪತ್ರಿ, ಪುಷ್ಪ, ಹೊರಗಿನಿಂದ ತಂದ ತೀರ್ಥ ಪ್ರಸಾದಗಳನ್ನು ಬಿಡಬೇಕು. ಲಿಂಗವನ್ನೂ ಕರಡಿಗೆಯನ್ನೂ ಹೇಗೆ ಶುಚಿಮಾಡಿ ಇಟ್ಟುಕೊಳ್ಳಬೇಕೆಂದು ವೈದ್ಯರನ್ನೇ ಕೇಳಬೇಕು. ಉಳಿದುದು ಭಾವಪೂಜೆ, ಅದಕ್ಕೆ ಯಾವ ಕೋಣೆಯೂ ಅಡ್ಡಿಯಲ್ಲ. ಕಸಿಯಾದವನಿಗೆ ಬಾಲ್ಯದ ಲಸಿಕೆಗಳನ್ನೆಲ್ಲ ಎಳೆಗೂಸಿಗೆ ಹಾಕಿದಂತೆ ಮತ್ತೆ ಹಾಕಬೇಕಾಗುವದು. ದೀಕ್ಷೆಯಿಂದ ಪುನರ್ಜಾತನಾಗುವನೆಂದು ನಾವು ಹೇಳುವೆವು. ಇನ್ನೊಬ್ಬರ ಮಜ್ಜೆಯಿಂದ ಬದುಕಿದವನು ದೇಹದಿಂದಲೂ ಪುನರ್ಜಾತನೆಂದೇ ತಿಳಿದು, ಆ ಮೇಲೆ ಕುಲದ ಮಾತನ್ನು ಎತ್ತದಿರಲಿ.

ಇನ್ನು ನವಲಗುಂದದ ಭಕ್ತರ ಪ್ರಶ್ನೆಗೆ ಉತ್ತರ. ಅಂದು ಪ್ರಸಾದವಾದ ಬಳಿಕ ಅವರಿಗೆ ಹೇಳಿದುದನ್ನೇ ಇಲ್ಲಿಯೂ ಬರೆಯುವೆನು. ಆ ತಂಗಿಗೆ ಪಾಪವಿಲ್ಲ. ಮೊದಲು ವೈದ್ಯರನ್ನು ಕಂಡು ಈ ರೋಗಿಗೆ ಕಸಿಯು ಬೇಕೋ ಬೇಡವೋ, ಬೇಕಾದರೆ ಯಾವ ಯಾವ ದಾರಿಗಳಿವೆ ಎಂದು ಕೇಳಿರಿ. ಮಗನಿದ್ದರೆ, ತಾಯಿಯಿದ್ದರೆ ಅವರ ಮಾತನ್ನೂ ತೆಗೆಯಿರಿ. ಆಮೇಲೆ ಆ ಹೆಣ್ಣುಮಗಳನ್ನು, ಹಿರಿಯರ ಗುಂಪಿನ ಮುಂದೆ ಅಲ್ಲ, ಒಬ್ಬಳನ್ನೇ, ರೋಗಿಯ ವೈದ್ಯರಲ್ಲದ ಇನ್ನೊಬ್ಬ ವೈದ್ಯರ ಬಳಿಗೆ ಕಳಿಸಿರಿ. ಕೊಟ್ಟರೆ ತನಗೇನಾಗುವದೆಂದು ಆಕೆಯೇ ಕೇಳಿ ತಿಳಿಯಲಿ. ಆಮೇಲೆ ಒಮ್ಮೆ ಕೇಳಿರಿ. ಆಕೆ ಕೊಟ್ಟರೆ ಬಸವಣ್ಣನವರಂತೆ ತಲೆಯ ಮೇಲಿಟ್ಟುಕೊಳ್ಳಿರಿ. ಒಲ್ಲೆನೆಂದರೆ ನಾಗರಪಂಚಮಿಗೆ ಆಕೆಯನ್ನು ಎಂದಿನಂತೆ ತವರಿಗೆ ಕರೆತನ್ನಿರಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಾವಿನ್ನೂ ಆಕೀನ ಕೇಳೇ ಇಲ್ಲ ಬಿಡ್ರಿ" ಎಂದರು. ಕೇಳುವದಕ್ಕೆ ಅಂದೇ ಸಂಜೆಯ ಬಸ್ಸಿಗೆ ಹೊರಟರು.